ನಾಲ್ಕನೇ ಗ್ವಾಡಿ

'ಮಾವಿನತೋಪಿನ ಸೊಸೆ' ಶುರುವಾಗೂಮುಂದ
ಟಂಯ್… ಟಂಯ್… ಅಂತ ಬರ್ತಿತ್ತಲ್ಲ,
ಅದಕ್ಕ ಮಂದಿ ಏನೇನೋ ಹೆಸರಿಟ್ರು.
ತಂಬೂರಿ ಅಂದ್ರು, ಏಕತಾರಿ ಅಂದ್ರು,
ನಮ್ಮ ಸಾಲಿ ಮಾಸ್ತರಂತೂ ಸ್ವರಮಂಡಲ ಅಂತ
ಬೋರ್ಡಿನ ಮ್ಯಾಲ ಬರದು ತೋರಿಸಿದ್ರು.
ನಾ ಕೈ ಎತ್ತಲಿಲ್ಲ.
ಅದು ನಮ್ಮಪ್ಪನ ಬಿಲ್ಲು.
ಹತ್ತಿ ಹಿಂಜೂ ಬಿಲ್ಲು,
ಆಡಿನ ನರದ ಹೆದಿ, ಹುಣಸೀ ಕಟ್ಟಿಗಿ ಕೊಡತಿ.

ಧಾರವಾಡದಾಗ, ಕಾಮನಕಟ್ಟಿ ಹಿಂದಿನ ಓಣ್ಯಾಗ
ಜೋಳದ ಅಂಗಡಿ ಮ್ಯಾಲಿನ ಅಟ್ಟ ಹಿಡದು
ತೊರಗಲ್ಲ ಶಂಕ್ರಣ್ಣ ರೆಕಾರ್ಡಿಂಗ್ ರೂಮ್ ಮಾಡಿದ್ದ.
ಹೊರಗಿನ ಸಪ್ಪಳ ಒಳಗ ಬರಬಾರದು,
ನಾಕೂ ಗ್ವಾಡಿಗೆ ಗಾದಿ ಬಡೀಬೇಕು ಅಂದ.
ಗದಗಿನಿಂದ ಬಂದ ನಮ್ಮಪ್ಪ, ಹಜರೇಸಾಬ ನದಾಫ,
ಹೆಗಲ ಮ್ಯಾಲ ಬಿಲ್ಲು. ಅವ್ವನ ತಲಿ ಮ್ಯಾಲ ಗಂಟು.
ಅಣ್ಣ ದಾವಲ, ಇನ್ನೂ ನೆಟ್ಟಗ ನಡಿಯಾಕ ಬಾರದ ನಾನು.

ಮೂರು ಗ್ವಾಡಿ ಮುಗದಿದ್ದವು.
ನಾಲ್ಕನೇದರ ಹತ್ತಿ ಅಂಗಳದಾಗಿತ್ತು
ಮಂಜಿನಂಗ ಹಾರಿಕೋತ.
ಸೋಮವಾರಕ್ಕ ಹಾಡು ಕಳಸಬೇಕಂತ
ಒಳಗ ಆಗಲೇ ಹಾಡವ್ವ ಬಂದು ನಿಂತಿದ್ದಳು.
ಶಂಕ್ರಣ್ಣ ಕಿಡಕಿಯಿಂದ ಕೈ ಮಾಡಿದ:
"ಏ ಸಾಬಣ್ಣಾ, ಐದು ಮಿನಿಟು ನಿಂದ್ರಸೋ!"
ಹಿಂದಿಂದ ಆಕಿ ಅಂದಳಂತ:
"ಬ್ಯಾಡ್ರಿ. ಹೊಡೀಲಿ."
ಯಾವ ಸ್ವರಕ್ಕೂ ಕೂಡಿಸದ ಆ ಹೆದಿಗೆ
ತನ್ನ ದನಿ ಅರ್ಧ ಮೆಟ್ಟಲ ಇಳಿಸಿ ಕೂಡಿಸಿದಳು.

ಸಪ್ಪಳ ತಡಿಯಾಕ ಬಂದಾಂವನ ಸಪ್ಪಳ
ಹಿಂಗ ನಾಡಿನ ತುಂಬ ಹೋತು.
ಶಂಕ್ರಣ್ಣಗ ಆ ಹಾಡಿನಿಂದ ಹೆಸರು ಬಂತು.
"ಇದು ದೈವದ ಗ್ವಾಡಿ, ಮುಚ್ಚೂದು ಬ್ಯಾಡ" ಅಂತ
ನಾಲ್ಕನೇದನ್ನ ಹಂಗ ಬಿಟ್ಟ.
ಮೂರು ಗ್ವಾಡಿ ರೊಕ್ಕ ಕೊಟ್ಟ.

ನಾಕು ವರ್ಷ, ಸಂಜಿ ಏಳೂವರಿ.
ಬೆಟಗೇರ್ಯಾಗ ಮಗ್ಗ ನಿಲ್ಲತಿದ್ದವು,
ದುರ್ಗದಬೈಲಿನ ಗಿರ್ಮಿಟ್ಟಿನವ
ಬುಟ್ಟಿಯೊಳಗ ಕೈ ಹಾಂಗ ಇಟ್ಟು ಕೇಳ್ತಿದ್ದ,
ಮದಲಿಂಗನ ಕುದುರಿ ಮುಂದ ಬ್ಯಾಂಡಿನವರು ಅದನ್ನ ಬಾರಿಸಿದ್ರು,
ಹಾಲಿನ ಡೇರಿಯವರು ಅದರ ಧಾಟಿಗೆ
ಜಾಹೀರಾತು ಕಟ್ಟಿದ್ರು.
ಅಪ್ಪ ರಂಗೂಬಾಯಿ ಕಬಾಡಿ ಮನಿಗೆ ಹೋಗ್ತಿದ್ದ.
ಒಳಗ ಬರ್ತಿರಲಿಲ್ಲ. ಹೊಸ್ತಿಲ ಹೊರಗ,
ಚಪ್ಪಲಿ ಕಾಲಾಗ ಇಟಗೊಂಡ
ಹಾಡಷ್ಟ ಕೇಳಿ, ಸೊಸಿ ಅಳಾಕ ಶುರು ಮಾಡಿದ್ರ
"ಕತಿ ನಿಮಗಿರಲಿ" ಅಂತ ಹೊಳ್ಳಿ ಬರ್ತಿದ್ದ.
ಕಡೀಗೆ ಓಡೂ ಹೆಸರಿನ್ಯಾಗ
ದಾವಲ ಕಣ್ಣು ಕಿಸದು ಹುಡುಕತಿದ್ದ.
'ಮತ್ತು ಇತರರು' ಬರೂತನಕ ಹುಡುಕತಿದ್ದ.

ಅಪ್ಪಗ ಅದಲ್ಲ ಚಿಂತಿ.
ಮೂರನೇ ಸಾಲಿನ ಕಡೀಗೆ
ಒಂದು ಪೆಟ್ಟು ತಪ್ಪೇತಿ.
ಟಂಯ್, ಟಂಯ್, ಆಮ್ಯಾಲ ಏನೂ ಇಲ್ಲ.
ಆ ಖಾಲಿ ಜಾಗಾದಾಗ ಹಾಡವ್ವ ಉಸಿರು ತಗೊಂಡಾಳ.
ಮಂದಿ ಅದನ್ನ ಬಿಡದಂಗ ಕಲತಾರ:
ಹುಡುಗೂರು ಅಲ್ಲಿ ಚಿಟಿಕಿ ಹೊಡೀತಾವ,
ಬ್ಯಾಂಡಿನವರು ಅಲ್ಲಿ ಡೊಳ್ಳು ನಿಂದ್ರಸ್ತಾರ.
"ದಿನಾ ಅದ ತಪ್ಪು," ಅಂತಿದ್ದ ಅಪ್ಪ,
"ಊರ ಮುಂದ. ದಿನಾ."

ಅವತ್ತು ಹತ್ತಿಯೊಳಗ ನಾ ಅಂಬೆಗಾಲಿಟ್ಟು ನುಗ್ಗಿದ್ದೆ,
ಕೊಡತಿ ಗಾಳ್ಯಾಗ ನಿಂತಿತು ಅಂತ ನಾ ನಂಬೇನಿ.
ದಾವಲ ಅಂತಾನ, ನುಗ್ಗಿದಾಂವ ನಾನು, ನೀ ತೊಟ್ಟಿಲದಾಗಿದ್ದಿ.
ಅವ್ವನ್ನ ಕೇಳಿದ್ರ
"ಬೆಕ್ಕು," ಅಂತಾಳ,
"ಜೋಳದ ಅಂಗಡಿ ಬೆಕ್ಕು. ಮೂರು ಬಣ್ಣದ್ದು."

ಈಗ ಸೀರಿಯಲ್ಲಿನ ಎರಡನೇ ಭಾಗ ಬರಾಕ ಹತ್ತೇತಿ.
ಅದ ಹಾಡು, ಹೊಸ ಹುಡುಗಿ ದನಿ,
ಕಂಪ್ಯೂಟರಿನ ಟಂಯ್ ಟಂಯ್.
ತಪ್ಪಿದ ಪೆಟ್ಟು ತುಂಬ್ಯಾರ.
ಅಪ್ಪ ಇದ್ದಿದ್ರ ಖುಷಿ ಪಡತಿದ್ನೇನೋ, ಗೊತ್ತಿಲ್ಲ.
ನಾ ಇಲ್ಲಿ ಫೋಮ್ ಗಾದಿ ಅಂಗಡ್ಯಾಗ
ದಿಂಬಿನ ಬಾಯಿ ಹೊಲಕೋತ ಕೂತಿರತೇನಿ,
ಮೂರನೇ ಸಾಲು ಬಂದಕೂಡಲೇ
ಸೂಜಿ ನಿಂದರತೇತಿ.
ಗಿರಾಕಿ, "ಯಾಕವಾ, ದಾರ ತೀರಿತೇನು?" ಅಂತಾರ.